ಸೊಸೆ ನೆಟ್ಟ ಗರಿಕೆ

ನನ್ನ ಮೊಮ್ಮಗಳು ನಡೆದಳು. ಗೋಡೆ ಹಿಡಿದಲ್ಲ, ಯಾರ ಬೆರಳನ್ನೂ ಹಿಡಿದಲ್ಲ. ಹರಿಹರದ ಕ್ವಾರ್ಟರ್ಸ್ ಮನೆಯ ಮುಂದಿನ ಹುಲ್ಲಿನ ಮೇಲೆ, ಬೆಳಗಿನ ಎಳೆಬಿಸಿಲಿನಲ್ಲಿ, ತಾನಾಗಿಯೇ ಎದ್ದು ನಿಂತು ಏಳು ಹೆಜ್ಜೆ ಇಟ್ಟಳು. ನಾನು ಎಣಿಸಿದ್ದೇನೆ. ನನ್ನ ಹೆಂಡತಿ ಆರು ಎನ್ನುತ್ತಾಳೆ. ಕೊನೆಯದು ಹೆಜ್ಜೆಯಲ್ಲ, ಬಿದ್ದದ್ದು ಎನ್ನುತ್ತಾಳೆ. ಆದರೆ ಬೀಳುವ ಮುಂಚೆ ಕಾಲು ಮುಂದಿಟ್ಟಿದ್ದಳು. ನನ್ನ ಲೆಕ್ಕಕ್ಕೆ ಏಳೇ.

ಈಗ ಆ ಮಗು ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಾಳೆ, ದಾರಿಯಲ್ಲಿ ಕಲ್ಲು ಒದೆಯುತ್ತಾ ಓಡುತ್ತಾಳೆ. ಆದರೂ ಆ ಬೆಳಗು ನೆನಪಾದರೆ ನನ್ನ ಎದೆ ಇವತ್ತಿಗೂ ಉಕ್ಕಿ ಬರುತ್ತದೆ. ಅದು ಉಕ್ಕಿದ ಹಿಂದೆಯೇ ತಲೆ ತಗ್ಗುತ್ತದೆ. ಯಾಕೆಂದರೆ ಅವಳು ನಡೆದ ಆ ಹುಲ್ಲಿನ ಬುಡದಲ್ಲಿ ನನ್ನದೊಂದು ಸುಳ್ಳು ಒಂದು ವರ್ಷ ಬೇರು ಬಿಟ್ಟು ಕೂತಿತ್ತು. ಅದನ್ನು ಬರೆದು ಮುಗಿಸಬೇಕೆಂದು ಕೂತಿದ್ದೇನೆ. ಮೂರನೇ ಕ್ಲಾಸು ಓದಿದವನ ಬರಹ, ಸೊಟ್ಟಪಟ್ಟ ಇದ್ದರೆ ಸಹಿಸಿಕೊಳ್ಳಬೇಕು.

ಮೂರನೇ ಕ್ಲಾಸಿಗೇ ಯಾಕೆ ನಿಂತೆ ಎನ್ನುವುದನ್ನು ಮೊದಲು ಹೇಳುತ್ತೇನೆ, ಅದಕ್ಕೂ ಈ ಹುಲ್ಲಿಗೂ ಸಂಬಂಧವಿದೆ. ನಮ್ಮದು ದಾವಣಗೆರೆ ಪಕ್ಕದ ಶಾಮನೂರು. ಎರೆಹೊಲ, ಜೋಳ, ಹತ್ತಿ. ಎರೆಹೊಲದ ರೈತನಿಗೆ ಗರಿಕೆಗಿಂತ ದೊಡ್ಡ ವೈರಿ ಇಲ್ಲ. ಮೇಲೆ ನೋಡಿದರೆ ಬೆರಳುದ್ದದ ಹುಲ್ಲು, ಕೆಳಗೆ ಬೇರು ಮೊಣಕಾಲುದ್ದ ಇಳಿದಿರುತ್ತದೆ. ಒಂದು ಗೆಣ್ಣು ಉಳಿದರೆ ಸಾಕು, ಮುಂದಿನ ಮಳೆಗೆ ಹತ್ತು ಮಾರು ಹಬ್ಬುತ್ತದೆ. ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ನಮ್ಮ ಕೆಳಗಿನ ಹೊಲಕ್ಕೆ ಗರಿಕೆ ಬಿತ್ತು. ನಮ್ಮಪ್ಪ ಆ ಬೇಸಿಗೆ ನನ್ನನ್ನು ಸ್ಕೂಲು ಬಿಡಿಸಿ ಹೊಲಕ್ಕೆ ಹಾಕಿದ. ಅವನು ಅಗೆಯುತ್ತಾ ಮುಂದೆ ಹೋಗುವುದು, ನಾನು ಹಿಂದೆ ಕೂತು ಹೆಂಟೆ ಒಡೆದು ಒಂದೊಂದು ಬೇರನ್ನೂ ಆರಿಸುವುದು, ಕಂತೆ ಕಟ್ಟುವುದು, ಒಣಗಿಸಿ ಸುಡುವುದು. ಬೇಸಿಗೆ ಮುಗಿಯಿತು, ಗರಿಕೆ ಮುಗಿಯಲಿಲ್ಲ. ನಾನು ಸ್ಕೂಲಿಗೆ ಮತ್ತೆ ಹೋಗಲೇ ಇಲ್ಲ.

ಮದುವೆಗೂ ಅದೇ ಅಡ್ಡ ಬರುವುದರಲ್ಲಿತ್ತು. ನನ್ನನ್ನು ನೋಡಲು ಬಂದ ಮಾವ ನನ್ನ ಮುಖ ನೋಡಲಿಲ್ಲ. ನೀರು ಕುಡಿದು ನೇರ ಹೊಲಕ್ಕೆ ನಡೆದರು, ಸಾಲಿನ ಮಧ್ಯೆ ನಿಂತು ಮೆಟ್ಟಿನ ತುದಿಯಿಂದ ಮಣ್ಣು ಕೆದರಿದರು. ಗರಿಕೆ ಇಟ್ಟುಕೊಂಡವನು ಮೈಗಳ್ಳ, ಅಂಥವನ ಮನೆಗೆ ಹೆಣ್ಣು ಕೊಡಬಾರದು ಎನ್ನುವುದು ನಮ್ಮ ಕಡೆಯ ಹಿರಿಯರ ಲೆಕ್ಕ. ಅವತ್ತು ಅವರಿಗೆ ಗರಿಕೆ ಸಿಗಲಿಲ್ಲ, ಆದ್ದರಿಂದ ನನಗೆ ಹೆಂಡತಿ ಸಿಕ್ಕಳು. ವರ್ಷಕ್ಕೊಮ್ಮೆ ಗಣಪತಿಗೆ ಏರಿಸಲು ಬದುವಿನಿಂದ ನಾಲ್ಕು ಎಸಳು ಕಿತ್ತು ತರುವಾಗಲೂ ನಾನು ಅದನ್ನು ಸಿಟ್ಟಿನಿಂದಲೇ ಕೀಳುತ್ತಿದ್ದೆ.

ಇಂಥವನ ಕಿರಿಯ ಮಗನಿಗೆ ಹರಿಹರದಲ್ಲಿ ಹೊಸದಾಗಿ ಬಂದ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತು. ಹಿರಿಯವನು ಹೊಲ ನೋಡಿಕೊಂಡು ಶಾಮನೂರಿನಲ್ಲೇ ಉಳಿದ. ಕಿರಿಯವನಿಗೆ ಮಲೆಬೆನ್ನೂರಿನಿಂದ ಹೆಣ್ಣು ತಂದೆವು. ಎಸ್ಸೆಸ್ಸೆಲ್ಸಿ ಓದಿದ ಹುಡುಗಿ, ಮಾತು ಕಡಿಮೆ, ಕೈ ಚುರುಕು. ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿ ಪ್ರತಿ ಮನೆಯ ಮುಂದೆಯೂ ಒಂದಿಷ್ಟು ಜಾಗ. ಸಾಲಿನಲ್ಲಿ ಕೆಲವರು ಬದನೆ ಹಾಕಿದರು, ಕೆಲವರು ಗುಲಾಬಿ. ನನ್ನ ಸೊಸೆಗೆ ಲಾನು ಬೇಕಿತ್ತು. ದಾವಣಗೆರೆಯ ಮಿಲ್ಲಿನ ಬಂಗಲೆಯ ಮುಂದೆ ಅವಳು ನೋಡಿದ್ದಳಂತೆ, ಮಗ್ಗದಿಂದ ಇಳಿಸಿ ಹಾಸಿದ ಹಾಗೆ ಹಸಿರು. ಅಲ್ಲಿನ ಮಾಲಿಯನ್ನು ಕೇಳಿ, ಒದ್ದೆ ಗೋಣಿಯಲ್ಲಿ ಬೇರು ತಂದು, ಏಳು ತಿಂಗಳ ಬಸುರಿ ಮಣೆ ಹಾಕಿಕೊಂಡು ಕೂತು, ನಾಲ್ಕು ಬೆರಳಿಗೊಂದರಂತೆ ಇಡೀ ಅಂಗಳ ನೆಟ್ಟಿದ್ದಳು. ಆಮೇಲೆ ಹೆರಿಗೆಗೆ ತವರಿಗೆ ಹೋದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ನನಗೆ ಗೊತ್ತಿದ್ದದ್ದು ಸೊಸೆ ಲಾನು ಹಾಕಿದ್ದಾಳೆ ಎನ್ನುವಷ್ಟೇ.

ಮುಂಗಾರಿನ ಮೊದಲ ಮಳೆ ಬಿದ್ದ ವಾರ ನಾನು ಹರಿಹರದಲ್ಲಿದ್ದೆ. ಮಗನೊಬ್ಬನೇ ಇದ್ದ, ಜೊತೆಗಿರಲಿ ಎಂದು ಬಂದಿದ್ದೆ. ಒಂದು ಮಧ್ಯಾಹ್ನ ಮಲೆಬೆನ್ನೂರಿನ ಬಸ್ಸಿನ ಕಂಡಕ್ಟರ್ ಮನೆ ಹುಡುಕಿಕೊಂಡು ಬಂದು ಒಂದು ಸಕ್ಕರೆ ಪೊಟ್ಟಣ, ಒಂದು ಚೀಟಿ ಕೊಟ್ಟುಹೋದ. ಬೀಗರು ಕಳಿಸಿದ್ದು. ಹೆಣ್ಣು ಮಗು, ತಾಯಿ ಮಗು ಕ್ಷೇಮ. ಹಿರಿಯ ಮಗನಿಗೆ ಮಕ್ಕಳಾಗಿರಲಿಲ್ಲ. ಹಾಗಾಗಿ ಇದು ನಮ್ಮ ಮನೆಯ ಮೊದಲ ಮೊಮ್ಮಗು. ನಾನು ಆ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲು ಹೋಗಿ ಅರ್ಧ ಎದೆಯ ಮೇಲೆ ಚೆಲ್ಲಿಕೊಂಡೆ. ಮಗ ಅಂಗಿ ಬದಲಿಸಿ ಬಸ್ಸಿಗೆ ಓಡಿದ. ಓಡುತ್ತಾ ಹೇಳಿದ:

‘ಅಪ್ಪ, ಮೂರು ದಿನಕ್ಕೆ ಬರ್ತೀನಿ. ಮಾವಾರು ಬಂದ್ರೂ ಬರ್ಬೋದು. ಲಾನಿಗೆ ನೀರು ಹಾಕು, ಮರಿಬ್ಯಾಡ.’

ಅವನು ಹೋದ ಮೇಲೆ ನಾನು ಲಾನು ನೋಡಲು ನಿಂತೆ. ಬೇಸಿಗೆಯಲ್ಲಿ ಮಗ ಶಿಫ್ಟಿನ ಕೆಲಸದಲ್ಲಿ ನೀರು ಹಾಕಿರಲಿಲ್ಲ, ಅಲ್ಲಲ್ಲಿ ಕೆಂಪಾಗಿ ಒಣಗಿತ್ತು. ಬಗ್ಗಿ ನೋಡಿದೆ. ಗರಿಕೆ. ಈ ತುದಿಯಿಂದ ಆ ತುದಿಯವರೆಗೆ ಬರೀ ಗರಿಕೆ. ಲಾನು ಎಂದರೆ ಯಾವುದೋ ಸೀಮೆಯ ಹುಲ್ಲು, ದುಡ್ಡು ಕೊಟ್ಟು ತರಿಸುವಂಥದ್ದು ಎಂದು ನಾನು ತಿಳಿದಿದ್ದೆ. ಪಾಪ, ಸೊಸೆ ಕಷ್ಟಪಟ್ಟು ಹಾಕಿದ ಹುಲ್ಲನ್ನು ಗರಿಕೆ ನುಂಗಿಬಿಟ್ಟಿದೆ ಎಂದುಕೊಂಡೆ. ಅಲ್ಲಲ್ಲಿ ಉದ್ದಕ್ಕೆ, ನೆಟ್ಟಗೆ, ಮಿರಮಿರ ಮಿಂಚುವ ಎಲೆಯ ಹುಲ್ಲು ನಾಲ್ಕೈದು ಕಡೆ ನಿಂತಿತ್ತು. ಉಳಿದಿರುವ ಲಾನು ಇಷ್ಟೇ ಎಂದುಕೊಂಡೆ. ಅಷ್ಟರಲ್ಲೇ ಬೀಗರು ಬರುತ್ತಾರೆ. ಅಂಗಳಕ್ಕೆ ಕಾಲಿಟ್ಟು ಮೆಟ್ಟಿನ ತುದಿಯಿಂದ ಕೆದರಿದರೆ ಏನು ಗತಿ?

ಅಜ್ಜನಾದ ಖುಷಿಯಲ್ಲಿ ಕೈಗೆ ಏನಾದರೂ ಕೆಲಸ ಬೇಕಿತ್ತು. ಹಿತ್ತಿಲಿನಿಂದ ಗುದ್ದಲಿ ತಂದೆ. ಮಳೆಗೆ ನೆಲ ಮೆತ್ತಗಾಗಿತ್ತು. ಆ ಸಂಜೆ, ಮರುದಿನ ಇಡೀ ದಿನ, ಒಂದು ಗೇಣು ಆಳ ಅಗೆದು ಒಂದು ಗೆಣ್ಣೂ ಬಿಡದೆ ಆರಿಸಿದೆ. ಅಷ್ಟು ಹುರುಪಿನಿಂದ ನಾನು ಜೀವಮಾನದಲ್ಲಿ ದುಡಿದಿರಲಿಲ್ಲ. ಕಂತೆ ಕಟ್ಟಿ, ಗೋಣಿಚೀಲಕ್ಕೆ ತುಂಬಿ, ಆಮೇಲೆ ಸುಡೋಣವೆಂದು ಬಚ್ಚಲ ಹಿಂದೆ ಇಟ್ಟೆ. ಆ ಮಿಂಚುವ ಹುಲ್ಲಿಗೆ ಮಾತ್ರ ಗುದ್ದಲಿ ತಾಗಿಸಲಿಲ್ಲ. ಸುತ್ತ ಪಾತಿ ಮಾಡಿ ಎರಡು ಹೊತ್ತೂ ನೀರು ಹಾಕಿದೆ. ಮಗುವಿಗೆ ಹಾಲು ಕುಡಿಸಿದಷ್ಟು ಜೋಪಾನವಾಗಿ.

ಮೂರನೇ ದಿನ ಮಗ ಬಂದ. ಬೀಗರು ಬಂದಿರಲಿಲ್ಲ. ಗೇಟಿನ ಹೊರಗಿನಿಂದಲೇ ನಗುತ್ತಾ ಬಂದವನು ಒಳಗೆ ಕಾಲಿಟ್ಟು ನಿಂತುಬಿಟ್ಟ. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

‘ಅಪ್ಪ, ಲಾನ್ ಎಲ್ಲಿ ಹೋತು?’

ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ: ‘ಜೇಕು ಒಂದು ಬಿಟ್ಟು ಎಲ್ಲಾ ಹೋಗೈತಲ್ಲ. ಅಕಿ ಬಸುರಾಗಿ ಕೂತು ಒಂದೊಂದು ಗರಿಕೆ ಬೇರು ಆರಿಸಿ ನೆಟ್ಟಿದ್ಲು. ಮೊದ್ಲು ಕೇಳಿದ ಮಾತೇ ಲಾನ್ ಹೆಂಗೈತೆ ಅಂತ.’

ಗರಿಕೆಯನ್ನು ನೆಡುವುದು. ಆ ಮಾತು ನನ್ನ ತಲೆಗೆ ಹತ್ತಲು ಒಂದು ಕ್ಷಣ ಬೇಕಾಯಿತು. ನಾನು ಪಾತಿ ಮಾಡಿ ನೀರು ಹಾಕಿದ್ದು ಜೇಕು. ಗದ್ದೆಯವರು ಶಪಿಸುವ ಕಳೆ. ಎರೆಹೊಲದವನಾದ ನನಗೆ ಅದರ ಗುರುತು ಸರಿಯಾಗಿ ಇರಲಿಲ್ಲ. ಅದೇ ಹೊತ್ತಿಗೆ ಗೇಟಿನ ಮುಂದೆ ಕ್ವಾರ್ಟರ್ಸಿಗೆಲ್ಲ ಹಾಲು ಕೊಡುವ ಹೆಂಗಸು ತನ್ನ ಎಮ್ಮೆಯನ್ನು ಹೊಳೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ಎಮ್ಮೆಯ ಕೊರಳಿನ ಗಂಟೆ ಕೇಳಿಸಿತು. ನನ್ನ ಬಾಯಿಯಿಂದ ಮಾತು ಬಂತು:

‘ಎಮ್ಮಿ ಬಂದಿತ್ತು.’

ಎರಡೇ ಮಾತು. ಆಮೇಲೆ ಅದಕ್ಕೆ ನಾಲ್ಕು ಮಾತು ಸೇರಿಸಬೇಕಾಯಿತು. ನಾನು ಮಲಗಿದ್ದೆ, ಗೇಟು ತೆರೆದಿತ್ತು, ತುಳಿದು ಮೇದು ಹಾಳು ಮಾಡಿತು, ಉಳಿದದ್ದನ್ನು ನಾನೇ ಕಿತ್ತು ಹಸನು ಮಾಡಿದೆ. ಸುಳ್ಳೂ ಗರಿಕೆಯ ಹಾಗೆಯೇ, ಒಂದು ಗೆಣ್ಣಿಗೆ ಇನ್ನೊಂದು ಗೆಣ್ಣು.

ಮರುದಿನ ಹಾಲು ತಂದಾಗ ಮಗ ಅವಳನ್ನು ಗೇಟಿನಲ್ಲೇ ನಿಲ್ಲಿಸಿದ. ಅವಳು ಗಂಡ ಸತ್ತವಳು, ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ಮನೆ, ಆ ಒಂದು ಎಮ್ಮೆಯ ಮೇಲೆ ಬದುಕು. ಕ್ಯಾನು ಕೆಳಗಿಟ್ಟು ಅಂಗಳವನ್ನು ಒಮ್ಮೆ ನಿಧಾನವಾಗಿ ನೋಡಿದಳು.

‘ಎಮ್ಮಿ ಬಂದಿದ್ರೆ ಹೆಜ್ಜಿ ಎಲ್ಲೈತೆ ಅಣ್ಣಾರೆ? ಸಗಣಿ ಎಲ್ಲೈತೆ? ಇಲ್ಲಿ ಗುದ್ದಲಿ ಬಾಯಿ ಕಾಣ್ತೈತೆ. ನನ್ನ ಎಮ್ಮಿ ಗುದ್ದಲಿ ಹಿಡಿಯಾದು ಇನ್ನೂ ಕಲ್ತಿಲ್ಲ.’

ಹಾಗೆಂದು ನನ್ನ ಕಡೆ ನೋಡಿದಳು. ನಾನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದೆ.

ಮಗನಿಗೆ ಸಿಟ್ಟು ಬಂತು. ‘ನಮ್ಮಪ್ಪ ಈ ವಯಸ್ಸಿನಾಗ ಸುಳ್ಳು ಹೇಳ್ತಾನೇನು? ನಾಳಿಯಿಂದ ಹಾಲು ಬ್ಯಾಡ.’

ಅದು ಒಂದು ಮನೆಗೆ ನಿಲ್ಲಲಿಲ್ಲ. ಸಾಲಿನ ಎಲ್ಲರ ಅಂಗಳದಲ್ಲೂ ಏನಾದರೊಂದು ಹಸಿರಿತ್ತು. ಬದನೆ ಹಾಕಿದವರಿಗೂ ಹೆದರಿಕೆಯಾಯಿತು. ಒಂದು ವಾರದಲ್ಲಿ ಇಡೀ ಸಾಲು ಅವಳ ಹಾಲು ಬಿಟ್ಟಿತು. ಸೈಕಲ್ಲಿನ ಮೇಲೆ ಬೇರೊಬ್ಬ ಬರತೊಡಗಿದ, ಅವನ ಹಾಲು ಕಾಯಿಸಿದರೆ ಕೆನೆಯೇ ಕಟ್ಟುತ್ತಿರಲಿಲ್ಲ. ಅವಳು ಹಾಲಿನ ಕ್ಯಾನು ಹೊತ್ತು ಸ್ಟೇಷನ್ನಿನ ಆಚೆಗಿನ ಮನೆಗಳಿಗೆ ನಡೆಯತೊಡಗಿದಳು. ಎಮ್ಮೆ ಮಾತ್ರ ದಿನಾ ನಮ್ಮ ಗೇಟಿನ ಮುಂದೆಯೇ ಹೊಳೆಗೆ ಹೋಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ಗಂಟೆ ಕೇಳಿದರೆ ನಾನು ಒಳಗೆ ಹೋಗುತ್ತಿದ್ದೆ.

ಶಾಮನೂರಿಗೆ ಓಡಿಹೋಗಬಹುದಿತ್ತು. ಹೋಗಲಿಲ್ಲ. ಹುಲ್ಲನ್ನಾದರೂ ಸರಿಮಾಡೋಣ, ಸೊಸೆ ಬರುವಷ್ಟರಲ್ಲಿ ಮತ್ತೆ ಹಸಿರಾದರೆ ತಪ್ಪು ಅರ್ಧ ಮುಚ್ಚುತ್ತದೆ ಎಂದುಕೊಂಡೆ. ದಾವಣಗೆರೆಗೆ ಹೋಗಿ ಬಂಗಲೆಯ ಮಾಲಿಯನ್ನು ಕಂಡೆ. ನನ್ನಷ್ಟೇ ವಯಸ್ಸಾದವನು. ಎಮ್ಮೆಯ ಕತೆಯನ್ನೇ ಅವನಿಗೂ ಹೇಳಿದೆ. ಅವನು ಬೀಡಿ ಹಚ್ಚಿ ನನ್ನ ಕೈ ನೋಡಿದ.

‘ಎಲ್ಲಿ ರೈತ್ರು ನೀವು?’

‘ಶಾಮನೂರು.’

‘ಹಂಗಾದ್ರೆ ನಿಮಗೆ ನಾನೇನ್ ಹೇಳ್ಲಿ. ಹೊಲದಾಗ ಗರಿಕಿ ಸಾಯ್ಸಾಕೆ ಏನೇನು ಮಾಡ್ತಿದ್ರೋ ಅದನ್ನ ಮಾಡಬ್ಯಾಡ್ರಿ. ಅಷ್ಟೇ ಲಾನು.’

ಆಮೇಲೆ ಪ್ರೀತಿಯಿಂದಲೇ ಎಲ್ಲವನ್ನೂ ಹೇಳಿದ. ಗರಿಕೆಯಲ್ಲಿ ಎರಡು ಥರ, ಕಾಲುವೆ ದಂಡೆಯದ್ದು ದಪ್ಪ ಎಲೆ, ಗೆಣ್ಣು ದೂರ ದೂರ, ಅದು ಚಾಪೆಯಾಗುವುದಿಲ್ಲ, ಕಾಲಿಗೆ ಚುಚ್ಚುತ್ತದೆ. ನೂಲಿನಂಥ ಎಲೆಯದ್ದು, ಗೆಣ್ಣು ಹತ್ತಿರ ಹತ್ತಿರ ಇರುವುದು, ಅದೇ ಲಾನಿನದು. ನೆರಳಲ್ಲಿ ಬರುವುದಿಲ್ಲ, ಬಿಸಿಲು ಬೇಕು. ಗೊಬ್ಬರ ಜರಡಿ ಹಿಡಿದು ಹಾಕಬೇಕು, ಹಸಿ ಗೊಬ್ಬರದಲ್ಲಿ ಕಳೆಬೀಜ ಬರುತ್ತದೆ. ನೀರು ಮೇಲೆ ಮೇಲೆ ಚಿಮುಕಿಸಿದರೆ ಬೇರು ಸೋಮಾರಿಯಾಗುತ್ತದೆ, ಬೆಳಿಗ್ಗೆ ಒಂದೇ ಸಲ ನೆಲ ಕುಡಿಯುವಷ್ಟು ಹಾಕಬೇಕು. ಕತ್ತರಿಸುವಾಗ ಬೋಳು ಮಾಡಬಾರದು, ಎರಡು ಬೆರಳು ಬಿಡಬೇಕು. ಜೇಕು ಕಂಡರೆ ಎಲೆ ಹರಿಯಬೇಡಿ, ಗಡ್ಡೆ ಸಮೇತ ತೆಗೆಯಿರಿ. ಅದನ್ನು ಅವನು ಹೇಳಿದಾಗ ನಾನು ಗೋಡೆ ನೋಡಿದೆ.

ಮನೆಗೆ ಬಂದು ಬಚ್ಚಲ ಹಿಂದಿನ ಚೀಲ ಬಿಚ್ಚಿದೆ. ಮೇಲಿನ ಕಂತೆಗಳು ಒಣಗಿಹೋಗಿದ್ದವು, ಅವನ್ನು ಅಲ್ಲೇ ಬಿಸಾಡಿದೆ. ಒಳಗಿನವು ಬೆವರಿ, ಬಿಳಿ ಬಿಳಿ ಮೊಳಕೆ ಬಿಟ್ಟಿದ್ದವು. ಒಂದು ಗೆಣ್ಣು ಉಳಿದರೂ ಸಾಯದ ಅದರ ಹಟ ನನ್ನ ಸ್ಕೂಲನ್ನು ನುಂಗಿತ್ತು, ಈಗ ಅದೇ ಹಟ ನನ್ನ ಮಾನ ಕಾಯಲು ಕೂತಿತ್ತು. ಒಂದೊಂದು ಬೇರು ಕೈಯಲ್ಲಿ ಹಿಡಿದು, ದಪ್ಪ ಎಲೆಯದ್ದು ಬೇರೆ, ನೂಲೆಲೆಯದ್ದು ಬೇರೆ ಮಾಡಿ, ಸೊಸೆ ಕೂತಿದ್ದ ಅದೇ ಮಣೆಯ ಮೇಲೆ ಕೂತು ನಾಲ್ಕು ಬೆರಳಿಗೊಂದರಂತೆ ನೆಟ್ಟೆ. ಅರ್ಧ ಅಂಗಳಕ್ಕೆ ಆಯಿತು, ಉಳಿದದ್ದಕ್ಕೆ ಮಾಲಿ ಕೊಟ್ಟ. ಜೇಕನ್ನು ಬುಡದಿಂದ ಅಗೆದು ಗಡ್ಡೆ ಹುಡುಕಿ ತೆಗೆದೆ. ಬೇರು ಹಿಡಿದ ಮೇಲೆ ಶಾಮನೂರಿನ ಕಣದಿಂದ ಚಿಕ್ಕ ಕಲ್ಲುಗುಂಡು ಗಾಡಿಯಲ್ಲಿ ತರಿಸಿ ನೆಲ ಸಮವಾಗಲೆಂದು ಉರುಳಿಸಿದೆ. ಮಳೆ ಚೆನ್ನಾಗಿ ಬಂತು. ದಸರೆಯ ಹೊತ್ತಿಗೆ ನೆಲ ಕಾಣದ ಹಾಗೆ ಹಬ್ಬಿತು. ಕುಡುಗೋಲಿನಿಂದ ಎರಡು ಬೆರಳು ಬಿಟ್ಟು ಸವರುತ್ತಿದ್ದೆ. ಅದರ ಮೇಲೆ ಕೈಯಾಡಿಸಿದರೆ ಕರುವಿನ ಮೈ ಮುಟ್ಟಿದ ಹಾಗೆ ಇರುತ್ತಿತ್ತು.

ಸೊಸೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು, ಜೊತೆಗೆ ನನ್ನ ಹೆಂಡತಿಯೂ ಮಗು ನೋಡಿಕೊಳ್ಳಲು ಬಂದು ಉಳಿದಳು. ಸೊಸೆ ಗೇಟಿನಲ್ಲಿ ನಿಂತು ಲಾನು ನೋಡಿ ನನ್ನ ಕಾಲಿಗೆ ಬಿದ್ದಳು, ಅತ್ತೆಯ ಕಡೆ ತಿರುಗಿ ಹೇಳಿದಳು:

‘ಎಮ್ಮಿ ಹಾಳು ಮಾಡಿದ್ದನ್ನ ಮಾವಾರು ಒಬ್ರೇ ಮತ್ತೆ ಮಾಡಿದ್ರಂತೆ. ನನ್ನ ತಂದೀನೂ ಇಷ್ಟು ಮಾಡ್ತಿರಲಿಲ್ಲ.’

ಆಶೀರ್ವಾದ ಮಾಡಲು ಎತ್ತಿದ ಕೈ ಭಾರವಾಗಿತ್ತು. ಮನೆಗೆ ಯಾರು ಬಂದರೂ ಅವಳು ಅದನ್ನೇ ಹೇಳುತ್ತಿದ್ದಳು. ಅವಳು ಹೊಗಳಿದಷ್ಟೂ ನಾನು ಇನ್ನಷ್ಟು ಸೇವೆ ಮಾಡುತ್ತಿದ್ದೆ, ಸೇವೆ ಮಾಡಿದಷ್ಟೂ ಅವಳು ಇನ್ನಷ್ಟು ಹೊಗಳುತ್ತಿದ್ದಳು. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಮಗುವನ್ನು ನನ್ನ ತೊಡೆಗೆ ಹಾಕುತ್ತಿದ್ದರು, ಅದು ನನ್ನ ಮೀಸೆ ಹಿಡಿದು ಎಳೆಯುತ್ತಿತ್ತು, ನಾನು ಎಲ್ಲವನ್ನೂ ಮರೆತು ನಕ್ಕುಬಿಡುತ್ತಿದ್ದೆ. ಹಾಗೆ ಆ ಸುಳ್ಳಿಗೆ ಒಂದು ವರ್ಷ ತುಂಬುತ್ತಾ ಬಂತು.

ಮತ್ತೆ ಮುಂಗಾರು ಬಂತು. ಆ ಬೆಳಿಗ್ಗೆ ಮಗ ಹಿಂದಿನ ದಿನದ ಶಿಫ್ಟು ಮುಗಿಸಿ ಮನೆಯಲ್ಲಿದ್ದ. ಹೆಂಡತಿ ಮೆಟ್ಟಿಲ ಮೇಲೆ ಗೋಧಿ ಆರಿಸುತ್ತಿದ್ದಳು, ಸೊಸೆ ಬಟ್ಟೆ ಹರವುತ್ತಿದ್ದಳು. ಮಗು ಲಾನಿನ ಮಧ್ಯೆ ಕೂತು ಹುಲ್ಲು ಕೀಳುತ್ತಿತ್ತು. ದೂರದಿಂದ ಗಂಟೆಯ ಸದ್ದು ಬಂತು. ನಾನು ಒಳಗೆ ಹೋಗಲು ಏಳುತ್ತಿದ್ದೆ. ಅಷ್ಟರಲ್ಲಿ ಮಗು ಎರಡೂ ಕೈ ನೆಲಕ್ಕೂರಿ, ಹಿಂಭಾಗ ಮೇಲೆತ್ತಿ, ಎದ್ದು ನಿಂತಿತು. ಆಮೇಲೆ ನಡೆಯಿತು. ಗಂಟೆಯ ಕಡೆಗೆ, ಗೇಟಿನ ಕಡೆಗೆ, ತೂರಾಡುತ್ತಾ ಏಳು ಹೆಜ್ಜೆ. ಬಿತ್ತು. ಲಾನು ಮೆತ್ತಗಿತ್ತು, ಅಳಲಿಲ್ಲ. ಎಮ್ಮೆಯ ಕಡೆ ಕೈ ತೋರಿಸಿ ‘ಬೂ’ ಎಂದಿತು.

ಎಲ್ಲರೂ ಓಡಿದೆವು. ಎಲ್ಲರ ಕಣ್ಣಲ್ಲೂ ನೀರು. ಸೊಸೆ ಮಗುವನ್ನು ಎತ್ತಿಕೊಂಡು ಮುದ್ದಿಸಿದಳು. ಮಗು ಎಮ್ಮೆಯ ಕಡೆಗೇ ಕೈ ಚಾಚುತ್ತಿತ್ತು. ಸೊಸೆ ಅದರ ಮುಖವನ್ನು ಇತ್ತ ತಿರುಗಿಸಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದಳು:

‘ಬ್ಯಾಡ ಬಂಗಾರ, ಅದು ಕಳ್ಳ ಎಮ್ಮಿ. ನಿಮ್ಮವ್ವನ ಲಾನ್ ತಿಂದಿದ್ದು ಅದೇ. ಛೀ ಅನ್ನು.’

ಮಗು ತುಟಿ ಮುಂದೆ ಮಾಡಿ ‘ಚೀ’ ಎಂದಿತು. ಗೇಟಿನ ಹೊರಗೆ ಹಾಲಿನ ಹೆಂಗಸಿಗೆ ಅದು ಕೇಳಿಸಿತು. ಅವಳು ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಮುಂದೆ ಹೋದಳು.

ನನ್ನ ಸುಳ್ಳು ನನ್ನ ಮೊಮ್ಮಗಳ ಬಾಯಿಗೆ ಬಂದಿತ್ತು. ಅವಳು ಅವತ್ತಿನವರೆಗೆ ಕಲಿತ ಮಾತು ನಾಲ್ಕೈದು, ಅದರಲ್ಲಿ ಒಂದು ಇದಾಯಿತು. ನಾನು ಲಾನಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

‘ಎಮ್ಮಿ ತಿಂದಿಲ್ಲವ್ವ,’ ಎಂದೆ. ‘ನಾನು ಕಿತ್ತಿದ್ದು. ಗುದ್ದಲಿ ತಗಂಡು ನಾನೇ ಕಿತ್ತಿದ್ದು.’

ಎಲ್ಲವನ್ನೂ ಹೇಳಿದೆ. ಜೇಕಿಗೆ ನೀರು ಹಾಕಿದ್ದನ್ನೂ ಬಿಡಲಿಲ್ಲ. ಮಗ ಮೊದಲು ನಗುವವನ ಹಾಗೆ ಬಾಯಿ ತೆರೆದ, ನಗು ಬರಲಿಲ್ಲ. ನನ್ನ ಹೆಂಡತಿ ಕೈಯಲ್ಲೇ ಉಳಿದಿದ್ದ ಮೊರ ಪಕ್ಕಕ್ಕಿಟ್ಟಳು.

‘ನನಗೆ ಬಂದ ದಿನಾನೇ ತಿಳಿದಿತ್ತು,’ ಅಂದಳು. ‘ಬಚ್ಚಲ ಹಿಂದೆ ಒಣಗಿದ ಕಂತಿ ಬಿದ್ದಿದ್ವು. ನಿಮ್ಮ ಕೈ ಗಂಟು ನನಗೆ ಗೊತ್ತಿಲ್ಲೇನು. ಎಮ್ಮಿ ಬೇರು ಆರಿಸಿ ಕಂತಿ ಕಟ್ತೈತಾ?’

‘ಮತ್ತೆ ಯಾಕ ಹೇಳಲಿಲ್ಲ?’ ಮಗ ಕೇಳಿದ.

‘ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ನೋಡಿದೆ. ನಂದೂ ತಪ್ಪೇ.’

ಏಳು ತಿಂಗಳು ಅವಳು ನನಗೆ ಊಟ ಬಡಿಸಿದ್ದಳು, ಎಲ್ಲ ಗೊತ್ತಿದ್ದೂ. ನಾಚಿಕೆಗೆ ಇನ್ನೊಂದು ಪದರ ಸೇರಿತು.

ಸೊಸೆ ಮಗುವಿನ ಕೈಗೆ ಅಂಟಿದ್ದ ಹುಲ್ಲಿನ ಎಸಳು ತೆಗೆದಳು. ಆಮೇಲೆ ಮೆಲ್ಲಗೆ ಹೇಳಿದಳು: ‘ಹುಲ್ಲು ಹೋದ್ರೆ ಹೋತು ಮಾವ. ನಾನೇ ಮತ್ತೆ ನೆಡ್ತಿದ್ದೆ. ಆ ಅಕ್ಕ ಕೊಳಾಯಿ ಹತ್ರ ಸಿಕ್ಕಾಗ ನಾನು ಏನೇನು ಅಂದೀನಿ ಗೊತ್ತೇನು ನಿಮಗೆ? ಕಳ್ಳಿ ಅಂದೀನಿ. ನನ್ನ ಬಾಯಿಂದ ಆಡಿಸಿದ್ರಲ್ಲ.’ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದಳು. ನನ್ನ ಮುಖ ನೋಡಲಿಲ್ಲ.

ನಾನು ಮೆಟ್ಟು ಮೆಟ್ಟಿಕೊಂಡು ಹೊಳೆಯ ಕಡೆ ನಡೆದೆ. ಹಾಲಿನವಳು ನೀರಿನಲ್ಲಿ ಮೊಣಕಾಲವರೆಗೆ ನಿಂತು ಎಮ್ಮೆಯ ಮೈ ತಿಕ್ಕುತ್ತಿದ್ದಳು. ನಾನು ದಡದಲ್ಲಿ ನಿಂತು ಹೇಳಬೇಕಾದದ್ದನ್ನು ಹೇಳಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

‘ನನ್ನ ಮುಂದೆ ಯಾಕ ಹೇಳ್ತೀರಿ ಅಜ್ಜಾರೆ? ನನಗೆ ಮೊದಲೇ ಗೊತ್ತು. ಬೈಸ್ಕಂಡಿದ್ದು ಇದು. ಇದರ ಮುಂದೆ ಹೇಳ್ರಿ.’

ತಮಾಷೆಯೋ ನಿಜವೋ ಎಂದು ಅವಳ ಮುಖ ನೋಡಿದೆ. ತಮಾಷೆ ಕಾಣಲಿಲ್ಲ. ಪಂಚೆ ಮೇಲಕ್ಕೆ ಕಟ್ಟಿ ನೀರಿಗಿಳಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಎಮ್ಮೆಯ ಹಣೆಯ ಮೇಲೆ ಕೈಯಿಟ್ಟು, ‘ತಪ್ಪಾತವ್ವ, ನೀನು ತಿಂದಿರಲಿಲ್ಲ,’ ಎಂದೆ. ಅದು ಕಿವಿ ಬಡಿದು ನನ್ನ ಮುಖಕ್ಕೆ ನೀರು ಸಿಡಿಸಿತು.

‘ಇನ್ನು ನಿಮ್ಮ ಸಾಲಿನ ಮನಿಗೋಳು,’ ಅಂದಳು. ‘ನೀವು ಒಂದು ಮನ್ಯಾಗೆ ಹೇಳಿದ್ದು, ಅದು ಎಲ್ಲಾ ಮನಿಗೂ ಹೋತು. ಅಲ್ಲಿಗೂ ಹೋಗಿ ಹೇಳ್ರಿ. ಆಮ್ಯಾಲೆ ಹಾಲಿನ ಮಾತು.’

ಹೋದೆ. ಒದ್ದೆ ಪಂಚೆಯಲ್ಲೇ, ಒಂದೊಂದು ಬಾಗಿಲೂ ತಟ್ಟಿ. ಕೆಲವರಿಗೆ ಎಮ್ಮೆಯ ಮಾತೇ ಮರೆತುಹೋಗಿತ್ತು, ಅವರಿಗೆ ಮೊದಲಿನಿಂದ ಹೇಳಬೇಕಾಯಿತು. ಒಬ್ಬರು ಕೂಡ್ರಿ ಎಂದು ಕಾಫಿ ಕೊಟ್ಟರು, ಅದು ಇನ್ನೂ ಕಷ್ಟವಾಯಿತು. ಒಬ್ಬ ಮುದುಕಿ, ‘ಗರಿಕಿ ಕಿತ್ತಿದ್ದಕ್ಕೆ ಇಷ್ಟೊಂದು ಯಾಕ್ರಿ,’ ಎಂದಳು. ಗರಿಕೆಯ ಮಾತಲ್ಲ ಇದು, ಹಾಲಿನವಳ ಮಾತು ಎಂದು ಅವಳಿಗೆ ತಿಳಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಯ ಮನೆಯಿಂದ ಇಳಿಯುವಾಗ ಮಧ್ಯಾಹ್ನ ಜಾರಿತ್ತು.

ಮಗು ನಡೆದ ದಿನ ನಮ್ಮಲ್ಲಿ ಸಿಹಿ ಮಾಡುತ್ತಾರೆ. ಹೆಂಡತಿ ಬೆಳಿಗ್ಗೆ ಆರಿಸಿದ್ದ ಗೋಧಿಯನ್ನೇ ಕುಟ್ಟಿ, ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಶಾಮನೂರಿನಿಂದ ಹಿರಿಯ ಮಗ, ಹಿರಿಯ ಸೊಸೆ ಸುದ್ದಿ ಕೇಳಿ ಸಂಜೆಯ ಬಸ್ಸಿಗೆ ಬಂದರು. ಮಳೆ ಬಿಡುವು ಕೊಟ್ಟಿತ್ತು. ಮಗು ನಡೆದ ಜಾಗದಲ್ಲೇ ಊಟ ಮಾಡೋಣ ಎಂದು ಮಗ ಲಾನಿನ ಮೇಲೆ ಚಾಪೆ ಹಾಸಿದ. ಹುಗ್ಗಿಗೆ ಹಾಲು ಬೇಕು. ಸೈಕಲ್ಲಿನವನ ಹಾಲು ಒಳಗೆ ಕಾದಿತ್ತು, ಸೊಸೆ ಅದನ್ನು ಹೊರಗೆ ತರಲಿಲ್ಲ. ಗೇಟಿನ ಕಡೆ ನೋಡುತ್ತಾ ಕೂತಳು. ಮಧ್ಯಾಹ್ನ ನಾನಿಲ್ಲದಾಗ ಅವಳೇ ಹಾಲಿನವಳ ಮನೆಗೆ ಹೋಗಿ ಬಂದಿದ್ದಳಂತೆ. ಅಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಇವತ್ತಿಗೂ ಗೊತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹಾಲಿನವಳು ಹಿತ್ತಾಳೆ ಚೊಂಬು ಹಿಡಿದು ಗೇಟಿಗೆ ಬಂದಳು. ಲಾನಿನ ಅಂಚಿಗೆ ಬಂದು ನಿಂತಳು, ಮೇಲೆ ಕಾಲಿಡಲಿಲ್ಲ.

‘ಇಲ್ಲಿಂದಾನೇ ತಗಳ್ರಿ. ಆಮ್ಯಾಲೆ ನಾನು ತುಳಿದೆ ಅಂದಾರು.’

ಸೊಸೆ ಎದ್ದು ಹೋಗಿ ಅವಳ ಕೈ ಹಿಡಿದು ಎಳೆದಳು. ‘ತುಳಿಬೇಕಕ್ಕ. ತುಳಿದಷ್ಟೂ ಚೆಂದ ಬರ್ತೈತೆ ಇದು.’ ಚಾಪೆಯ ಮೇಲೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮಗು ತೆವಳಿಕೊಂಡು ಹೋಗಿ ಆ ಚೊಂಬನ್ನು ಹಿಡಿದು ‘ಬೂ’ ಎಂದಿತು. ಚೀ ಎನ್ನಲಿಲ್ಲ. ನಾನು ಅದನ್ನೇ ಕಾಯುತ್ತಿದ್ದೆ.

ಎಲ್ಲರ ಮುಂದೆಯೂ ತಟ್ಟೆ ಇಟ್ಟರು, ಹುಗ್ಗಿ ಬಡಿಸಿದರು. ಹಾಲು ಹಾಕುತ್ತಾ ಬಂದವಳು ಆಕೆಯೇ. ನನ್ನ ಮುಂದೆ ಬಗ್ಗಿದಳು.

‘ಸಾಕು ಅಂದಾಗ ನಿಲ್ಲಸ್ತೀನಿ ಅಜ್ಜಾರೆ.’

ಹಾಲು ದಪ್ಪವಾಗಿ, ಬೆಚ್ಚಗೆ ಬೀಳತೊಡಗಿತು. ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಹುಗ್ಗಿ ಮುಳುಗಿತು, ತಟ್ಟೆಯ ಅಂಚಿಗೆ ಬಂತು, ಅಂಚು ದಾಟಿ ಚಾಪೆಯ ಮೇಲೆ, ಹುಲ್ಲಿನ ಮೇಲೆ ಹರಿಯಿತು. ಆಮೇಲೆ ಅವಳೇ ಚೊಂಬು ಎತ್ತಿದಳು.

‘ಉಣ್ರಿ ಇನ್ನು,’ ಅಂದಳು ನನ್ನ ಹೆಂಡತಿ. ‘ಲಾನಿಗೂ ಹಾಲು ಕುಡಿಸಿದ್ದು ಆತು.’

ಹಿರಿಯ ಮಗ ನಕ್ಕ. ಕಿರಿಯವನೂ ನಕ್ಕ. ಸೊಸೆ ನಗಲಿಲ್ಲ, ಆದರೆ ಉಪ್ಪಿನಕಾಯಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಎಲ್ಲರೂ ಬಗ್ಗಿ ಊಟಕ್ಕೆ ಕೈ ಹಾಕಿದೆವು. ಮಗು ಒಂದು ತುತ್ತು ಅಜ್ಜಿಯ ಕೈಯಿಂದ, ಒಂದು ತುತ್ತು ಹಾಲಿನಮ್ಮನ ಕೈಯಿಂದ ತಿನ್ನುತ್ತಿತ್ತು.